ಹಳ್ಳಿಯ ಕಾರ್ಯಾಗಾರ ಹೋಟೆಲ್‌ನಲ್ಲಿ ಯಾಕೆ?

ಮಣ್ಣಿನ ಆರೋಗ್ಯ, ಕುಡಿಯುವ ನೀರು, ಸ್ವಸಹಾಯ ಸಂಘದ ಲೆಕ್ಕಪತ್ರ, ಬಾಲ್ಯವಿವಾಹ ತಡೆ. ವಿಷಯ ಯಾವುದೇ ಇರಲಿ, ಆಮಂತ್ರಣದ ಕೊನೆ ಸಾಲು ಹೆಚ್ಚುಕಡಿಮೆ ಒಂದೇ: ಜಿಲ್ಲಾ ಕೇಂದ್ರದ ಯಾವುದಾದರೊಂದು ಹೋಟೆಲ್‌ನ ಸಭಾಂಗಣ. ವರದಿಗೆ ಹೋಗುವ ನಮಗೆ ಈ ಹಾಲ್‌ಗಳ ಪ್ಲಗ್ ಪಾಯಿಂಟ್ ಎಲ್ಲಿದೆ ಅನ್ನೋದೂ ಗೊತ್ತಾಗಿಬಿಟ್ಟಿದೆ.

ಇಲ್ಲಿನ ಲೆಕ್ಕ ಹೀಗಿರುತ್ತದೆ. ಬಹಳ ಕಡೆ ಬಾಡಿಗೆ ಹಾಲ್‌ಗಲ್ಲ, ತಟ್ಟೆಗೆ. ಇಂತಿಷ್ಟು ಊಟ ಅಂತ ಒಪ್ಪಿಕೊಂಡರೆ ಮೈಕು, ಪ್ರೊಜೆಕ್ಟರ್, ಎರಡು ಹೊತ್ತು ಟೀ ಎಲ್ಲ ಅದರಲ್ಲೇ ಬರುತ್ತದೆ. 50 ತಟ್ಟೆ ಹೇಳಿದ್ದರೆ 35 ಜನ ಬಂದರೂ 50ಕ್ಕೇ ಬಿಲ್ಲು. ಹಾಗಾಗಿ ಆಯೋಜಕರಿಗೆ ಯಾರು ಬಂದರು ಅನ್ನೋದಕ್ಕಿಂತ ಎಷ್ಟು ಜನ ಬಂದರು ಅನ್ನೋದೇ ಮುಖ್ಯವಾಗುತ್ತದೆ. ಸಹಿ ಹಾಕಲು ಯಾರಾದರೂ ಸರಿ.

ಬರಬೇಕಾದವರ ಲೆಕ್ಕ ಬೇರೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಸಂಘದ ಅಕ್ಕ ಒಬ್ಬರು ತರಬೇತಿಗೆ ಹೋದರೆ ಅವತ್ತಿನ ಕೂಲಿ ಹೋಯಿತು. 2023ರ ಶಕ್ತಿ ಯೋಜನೆಯಿಂದ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು, ನಿಜ. ಆದರೆ ಊರಿನ ಕೊನೇ ಬಸ್ಸು ಕಾರ್ಯಾಗಾರ ಮುಗಿಯಲಿ ಅಂತ ಕಾಯೋದಿಲ್ಲ. ಮಧ್ಯಾಹ್ನದ ಗುಂಪು ಚರ್ಚೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಗಡಿಯಾರ ನೋಡುತ್ತಾ ಕೂರುವುದು ಇದಕ್ಕೇ.

ಆ ಗುಂಪು ಚರ್ಚೆಯ ಕಥೆಯನ್ನೂ ಹೇಳಬೇಕು. ದುಂಡು ಮೇಜಿಗೆ ಒಂದು ಚಾರ್ಟ್ ಹಾಳೆ, ಎರಡು ಸ್ಕೆಚ್ ಪೆನ್ನು. ನಮ್ಮೂರ ಬೋರ್‌ವೆಲ್ ಬತ್ತಿದೆ, ಅಂಗನವಾಡಿಗೆ ಕಾಂಪೌಂಡ್ ಇಲ್ಲ, ಹಾಲಿನ ಡೇರಿ ದೂರ ಅಂತ ಜನ ಮನಸ್ಸಿಟ್ಟು ಬರೆಯುತ್ತಾರೆ. ಹಾಳೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ, ಹಾಜರಿ ಪಟ್ಟಿ ಕಡತ ಸೇರುತ್ತವೆ. ಹಾಳೆಗಳು ಹಾಲ್‌ನ ಮೂಲೆಯಲ್ಲೇ ಉಳಿದದ್ದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ನಮ್ಮ ತಕರಾರು ಊಟದ ಬಗ್ಗೆ ಅಲ್ಲ, ಈ ಹಾಳೆಗಳ ಬಗ್ಗೆ.

ಹೋಟೆಲ್ ಹಾಲ್‌ನಲ್ಲಿ ಒಳ್ಳೆಯದೇನೂ ಇಲ್ಲ ಅನ್ನಲಾರೆವು. ಕರೆಂಟು ಹೋದರೆ ಜನರೇಟರ್ ಇರುತ್ತದೆ. ಶೌಚಾಲಯ ಚೊಕ್ಕಟವಾಗಿರುತ್ತದೆ, ನೀರು ಬರುತ್ತದೆ. ನಮ್ಮ ಎಷ್ಟೋ ಸಮುದಾಯ ಭವನಗಳಿಗೆ ಬೀಗ, ಒಳಗೆ ಮೆಕ್ಕೆಜೋಳದ ಚೀಲ, ಹಿಂದೆ ಬಾಗಿಲಿಲ್ಲದ ಶೌಚಾಲಯ. ಹಾಗಾದರೆ ತಟ್ಟೆಗೆ ಹೋಗುವ ದುಡ್ಡಲ್ಲಿ ಒಂದಿಷ್ಟು ಆ ಬಾಗಿಲಿಗೆ, ನಲ್ಲಿಗೆ ಹಾಕಬಹುದಲ್ಲ? ತಾಲ್ಲೂಕುಗಳಲ್ಲಿ ಪಂಚಾಯತ್ ತರಬೇತಿಗೆಂದೇ ಸಾಮರ್ಥ್ಯ ಸೌಧಗಳಿವೆ. ಅವನ್ನಾದರೂ ಬಳಸಬಹುದು. ಅಡುಗೆಯನ್ನು ಊರಿನ ಸಂಘದವರಿಗೇ ವಹಿಸಿದರೆ ದುಡ್ಡು ಊರಲ್ಲೇ ಉಳಿಯುತ್ತದೆ.

ಹಳ್ಳಿಯಲ್ಲಿ ದೊಡ್ಡ ಚರ್ಚೆ ಆಗದು ಅನ್ನುವವರು ಸಾಗರ ತಾಲ್ಲೂಕಿನ ಹೆಗ್ಗೋಡು ನೋಡಬೇಕು. 1949ರಲ್ಲಿ ಶುರುವಾದ ನೀನಾಸಂ ಸಂಸ್ಕೃತಿ ಶಿಬಿರಗಳನ್ನು ಆ ಹಳ್ಳಿಯಲ್ಲೇ ನಡೆಸಿಕೊಂಡು ಬಂದಿದೆ. ನಾಡಿನ ಬರಹಗಾರರು, ರಂಗಕರ್ಮಿಗಳು ಅಲ್ಲಿಗೇ ಹೋಗಿ ಕೂತಿದ್ದಾರೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮುಂದಿನ ಸಲ ನಿಮಗೆ ತರಬೇತಿಗೆ ಕರೆ ಬಂದರೆ ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿ ಸಭಾಂಗಣದಲ್ಲಿ ಯಾಕೆ ಆಗದು? ಕೊನೇ ಬಸ್ಸಿಗೆ ಮುಂಚೆ ಮುಗಿಯುತ್ತದೆಯೇ? ನಾವು ಬರೆದ ಹಾಳೆ ಎಲ್ಲಿಗೆ ಹೋಗುತ್ತದೆ? ಸರ್ಕಾರಿ ದುಡ್ಡಿನ ಕಾರ್ಯಕ್ರಮವಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಖರ್ಚಿನ ವಿವರವನ್ನೂ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಹೋಟೆಲ್‌ನಲ್ಲೇ ನಡೆದರೂ ಹೊರಡುವಾಗ ನಿಮ್ಮ ಗುಂಪಿನ ಹಾಳೆಯನ್ನು ಸುರುಳಿ ಸುತ್ತಿ ಊರಿಗೆ ತನ್ನಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ.