ತಂತ್ರಾಂಶಕ್ಕೂ ಬೇಕು ಟಿಪ್ಪಣಿ ಹಾಳೆ

ಮೊಬೈಲಿನಲ್ಲಿ ‘ಗುಳೇದಗುಡ್ಡ’ ಎಂದು ಬರೆದಾಗ ಡಕಾರದ ಕೆಳಗೆ ಅದರ ಒತ್ತು ತಾನಾಗಿಯೇ ಬಂದು ಕೂರುತ್ತದೆ. ಗಣಕದೊಳಗೆ ಅದು ಡ, ಹಲಂತ, ಮತ್ತೊಂದು ಡ ಎಂಬ ಮೂರು ಬಿಡಿ ಚಿಹ್ನೆಗಳು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಅವನ್ನು ಒಂದಾಗಿ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು.

ಅದರಲ್ಲಿ ಕನ್ನಡಕ್ಕೆಂದೇ ಒಂದು ವಿನಾಯಿತಿಯಿದೆ. ಹಳೆಯ ಪದ್ಧತಿಯ ಫಾಂಟ್‌ಗಳಲ್ಲಿ ಹಲಂತವನ್ನು ಕೊನೆಯ ವ್ಯಂಜನದ ಆಚೆಗೆ ಸರಿಸಬೇಕು. ಆದರೆ ಕನ್ನಡದಲ್ಲಿ ಅಲ್ಲಿ ಮೊದಲೇ ಒಂದು ಹಲಂತವಿದ್ದರೆ ಸರಿಸಕೂಡದು. ಮಲಯಾಳಂ, ಬಂಗಾಳಿ, ದೇವನಾಗರಿಗಳಿಗೆ ಈ ರಿಯಾಯಿತಿ ಇಲ್ಲ. ಬರಿಯ ಸಂಕೇತವನ್ನು ಓದಿದ ಹೊಸಬರು ಇದನ್ನು ಅನಗತ್ಯವೆಂದು ಅಳಿಸಿಹಾಕುವ ಸಂಭವವೇ ಹೆಚ್ಚು. ಅದೃಷ್ಟವಶಾತ್ ಪಕ್ಕದಲ್ಲೇ ವಿವರಣೆಯಿದೆ: ಮೈಕ್ರೋಸಾಫ್ಟ್‌ನ ವ್ಯವಸ್ಥೆ ಕನ್ನಡದಲ್ಲಿ ಹೀಗೆ ನಡೆದುಕೊಳ್ಳುತ್ತದೆ, ಉಳಿದ ಲಿಪಿಗಳ ವಿಷಯ ನಮಗೆ ತಿಳಿಯದು, ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ‘ಚ್ಚ್’ ಬರೆದು ಪರೀಕ್ಷಿಸಿ ನೋಡಿ. ಮೂಲ ದೂರಿನ ಸಂಖ್ಯೆಯೂ ಅಲ್ಲಿದೆ. ‘ತಿಳಿಯದು’ ಎಂದು ಬರೆದಿಟ್ಟ ಪ್ರಾಮಾಣಿಕತೆ ನಮ್ಮ ಕಚೇರಿಗಳಲ್ಲಿ ಅಪರೂಪ.

ಸರ್ಕಾರಿ ಕಡತದಲ್ಲಿ ಪತ್ರವ್ಯವಹಾರದ ಭಾಗ ಬೇರೆ, ಟಿಪ್ಪಣಿಯ ಭಾಗ ಬೇರೆ. ಏನು ಆದೇಶವಾಯಿತು ಎಂಬುದನ್ನು ಮೊದಲನೆಯದು ಹೇಳಿದರೆ, ಏಕೆ ಎಂಬುದನ್ನು ಎರಡನೆಯದು ಹೇಳುತ್ತದೆ. ಟಿಪ್ಪಣಿ ಕಳೆದುಹೋದ ಕಡತ ಹೊಸ ಅಧಿಕಾರಿಗೆ ಒಗಟಾಗುತ್ತದೆ. ಅಂಥ ಒಗಟೊಂದು ಯೂನಿಕೋಡ್‌ನ ಕನ್ನಡ ವಿಭಾಗದಲ್ಲೂ ಇದೆ. ‘ಪೞಗನ್ನಡ’ದ ೞ ಅಕ್ಷರಕ್ಕೆ ಅಲ್ಲಿರುವ ಅಧಿಕೃತ ಹೆಸರು ‘ಫಾ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. 2021ರಲ್ಲಿ ಸೇರಿದ ನಕಾರ ಪೊಲ್ಲಿನ ಸ್ಥಿತಿ ಹೀಗಿಲ್ಲ. ಅದನ್ನು ಏಕೆ ಸೇರಿಸಬೇಕೆಂಬ ಪ್ರಸ್ತಾವನೆ ಸಾರ್ವಜನಿಕ ದಾಖಲೆಯಲ್ಲಿದೆ.

ನಮ್ಮದೇ ಕೊಡುಗೆಯತ್ತ ಬರೋಣ. ಲಿನಕ್ಸ್‌ನಲ್ಲಿ ಕನ್ನಡಕ್ಕಷ್ಟೇ ಅಲ್ಲದೆ ಮರಾಠಿ, ತೆಲುಗು, ಸಂಸ್ಕೃತಗಳಿಗೂ ‘ಕಗಪ’ ಎಂಬ ಕೀಲಿಮಣೆ ಲಭ್ಯ. ಹೆಸರು ಕನ್ನಡ ಗಣಕ ಪರಿಷತ್ತಿನದು, ಹಿಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ನುಡಿ ಬಳಸಿದವರಿಗೆಲ್ಲ ಒತ್ತಿಗೆ ಎಫ್ ಕೀಲಿ ಎಂಬುದು ಬೆರಳಿಗೇ ಗೊತ್ತು. ಬೇರೆ ಕೀಲಿಗಳನ್ನು ಬಿಟ್ಟು ಅದನ್ನೇ ಏಕೆ ಆರಿಸಲಾಯಿತು, ಯಾವ ಪರ್ಯಾಯಗಳನ್ನು ಕೈಬಿಡಲಾಯಿತು ಎಂಬುದು ಕೀಲಿಗಳ ಪಟ್ಟಿಯಿಂದ ತಿಳಿಯುವಂಥದ್ದಲ್ಲ.

ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕಗಳ 1999ರ ಕಾಯ್ದೆಯಡಿ ನೋಂದಣಿಯಾಗಿದೆ. ಅದಕ್ಕೆ ತಯಾರಿಕೆಯ ವಿಧಾನವನ್ನು ಬರೆದುಕೊಡಬೇಕು. ವಿನ್ಯಾಸದ ಹಿಂದಿನ ಕಾರಣವನ್ನು ಕಾನೂನು ಕೇಳುವುದಿಲ್ಲ. ಆದರೂ ಅಲ್ಲಿ ಸಂದೇಹ ಬಂದ ನೇಕಾರ ಪಕ್ಕದ ಮನೆಯ ಹಿರಿಯರನ್ನು ಕೇಳಬಹುದು. ಮುಕ್ತ ತಂತ್ರಾಂಶದಲ್ಲಿ ಬರೆದವರು ಒಂದು ಖಂಡದಲ್ಲಿ, ತಿದ್ದುವವರು ಇನ್ನೊಂದರಲ್ಲಿ. ಅನೇಕರು ಸಂಬಳವಿಲ್ಲದೆ ದುಡಿದು ಒಂದು ದಿನ ಸದ್ದಿಲ್ಲದೆ ಹೊರಟುಹೋಗುವವರು.

ಸ್ವಯಂಸೇವಕರ ಮೇಲೆ ಬರವಣಿಗೆಯ ಹೊರೆಯನ್ನೂ ಹೇರುವುದು ಅನ್ಯಾಯವೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಎಲ್ಲರಿಗೂ ಉಪಯೋಗವಾಗಿ ಮಾಡಿದವರಿಗೆ ಪ್ರತಿಫಲ ತಾರದ ಕೆಲಸ ಸಾಕಷ್ಟು ನಡೆಯುವುದಿಲ್ಲವೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ಅದಕ್ಕೆಂದೇ ಸಾರ್ವಜನಿಕ ಹಣ ಇಲ್ಲಿಗೆ ಬರಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರ ನಾಲ್ಕನೆಯ ಕಲಮು ಆಡಳಿತದ ತೀರ್ಮಾನಗಳಿಗೆ ಬಾಧಿತರಾದವರಿಗೆ ಕಾರಣ ತಿಳಿಸಬೇಕೆನ್ನುತ್ತದೆ. ಕನ್ನಡದ ಕೀಲಿಮಣೆ, ಫಾಂಟು, ಪರಿವರ್ತಕಗಳಿಗೆ ಹಣ ಕೊಡುವ ಇಲಾಖೆಗಳು ಇದೇ ನ್ಯಾಯವನ್ನು ಟೆಂಡರಿನ ಷರತ್ತಾಗಿಸಿ, ಆಕರ ಸಂಕೇತದೊಡನೆ ಪ್ರತಿಯೊಂದು ಮುಖ್ಯ ಆಯ್ಕೆಯ ಕಾರಣವನ್ನೂ ಬರಹದಲ್ಲಿ ಪಡೆದು ಪ್ರಕಟಿಸಬೇಕು. ಕೊನೆಯ ಕಂತಿನ ಪಾವತಿ ಅದರ ನಂತರವೇ ಆಗಲಿ. ತೊಂಬತ್ತರ ದಶಕದಲ್ಲಿ ಈ ಕೆಲಸ ಮಾಡಿದವರು ಈಗ ವಯೋವೃದ್ಧರು. ಅವರನ್ನು ಕಂಡು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಮುಂದಿನ ಮುಂಗಡಪತ್ರದವರೆಗೆ ಕಾಯಬೇಕಾಗಿಲ್ಲ.