ಗಣಿ ನಿಂತು ಎರಡು ದಶಕ: ಲಕ್ಯಾ ಹೂಳಿನ ಬಗ್ಗೆ ಕಳಸದವರು ಕೇಳಬೇಕಾದ್ದೇನು?

ಕಳಸ: ಮಳೆ ಜೋರು ಹಿಡಿದರೆ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, 'ಹೆಬ್ಬಾಳೆ ಸೇತುವೆ ಮುಳುಗ್ತಾ?' ಭದ್ರೆ ಸೇತುವೆ ಮೇಲೆ ಹರಿದರೆ ಹೊರನಾಡಿನ ನೇರ ದಾರಿ ಬಂದ್. ಯಾತ್ರಿಕರು ಹಳುವಳ್ಳಿ ಕಡೆಯಿಂದ ಸುತ್ತಿ ಹೋಗಬೇಕು. ಹೋಟೆಲ್, ಅಂಗಡಿ ವ್ಯಾಪಾರಕ್ಕೂ ಪೆಟ್ಟು. ಆದರೆ ಆ ನೀರು ಕಣ್ಣಿಗೆ ಕಾಣುತ್ತೆ, ಮಳೆ ನಿಂತರೆ ಇಳಿದೂ ಹೋಗುತ್ತೆ. ಇಳಿಯದೆ ಉಳಿದಿರುವ ಒಂದು ಹೊರೆ ನದಿಯ ಮೇಲ್ಭಾಗದಲ್ಲಿದೆ. ಅದರ ಬಗ್ಗೆ ಮಾತಾಡೋರು ಕಡಿಮೆ.

ಭದ್ರೆ ಹುಟ್ಟುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ. 1987ರಲ್ಲಿ ಉದ್ಯಾನ ಘೋಷಣೆಯಾದಾಗ ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಲೇ ಇತ್ತು. ಅದಿರನ್ನು ಪುಡಿ ಮಾಡಿ, ನೀರಿನ ಜೊತೆ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಬೇಡವಾದ ಪುಡಿಯನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಸುಮಾರು 100 ಮೀಟರ್ ಎತ್ತರದ ಈ ಅಣೆಕಟ್ಟು ಇರುವುದು ಭದ್ರೆಗೆ ಸೇರುವ ಲಕ್ಯಾ ಹಳ್ಳಕ್ಕೆ ಅಡ್ಡವಾಗಿ.

ಗಣಿಯಿಂದ ಭದ್ರೆಗೆ ಹೂಳು ಬರುತ್ತಿದೆ ಎಂಬುದು ಹೋರಾಟಗಾರರ ದೊಡ್ಡ ವಾದವಾಗಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಟೌನ್‌ಶಿಪ್ ಖಾಲಿಯಾಯ್ತು, ಅದನ್ನೇ ನಂಬಿದ್ದ ಅಂಗಡಿಗಳೂ ಸೊರಗಿದವು. ಹೂಳು ಮಾತ್ರ ಅಲ್ಲೇ ಉಳಿಯಿತು.

ಇದು ಹೆದರಿಸುವ ಮಾತಲ್ಲ. ಆದರೆ ಗಣಿ ನಿಲ್ಲಿಸೋಕೆ ಒಂದು ಆದೇಶ ಸಾಕಾಯ್ತು, ಹೂಳು ಕಾಯೋದು ಹಾಗಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಅಣೆಕಟ್ಟಿನ ಏರಿ, ನೀರು ಹೊರಹೋಗುವ ದಾರಿ ಪ್ರತಿ ಮಳೆಗಾಲದಲ್ಲೂ ಗಟ್ಟಿ ಇರಬೇಕು. ಸ್ವಲ್ಪ ಎಡವಟ್ಟಾದರೂ ಮೊದಲು ಕೆಂಪಾಗುವುದು ಕಳಸದ ಹೊಳೆ. ಆಮೇಲೆ ಬಾಳೆಹೊನ್ನೂರು, ಕೊನೆಗೆ 71.5 ಟಿಎಂಸಿ ಸಾಮರ್ಥ್ಯದ ಲಕ್ಕವಳ್ಳಿಯ ಭದ್ರಾ ಜಲಾಶಯ. ದಾವಣಗೆರೆ ರೈತರ ನೀರೂ ಇದೇ.

ಹಾಗಾಗಿ ಕೇಳಬೇಕಾದ್ದು ಮೂರು. ಲಕ್ಯಾ ತಪಾಸಣೆಯ ವರದಿ ಮಳೆಗಾಲಕ್ಕೆ ಮುಂಚೆ, ಕನ್ನಡದಲ್ಲಿ, ನದಿಪಾತ್ರದ ಪಂಚಾಯಿತಿಗಳಲ್ಲಿ ಓದೋಕೆ ಸಿಗಬೇಕು. ಮಳೆಗಾಲದಲ್ಲಿ ಹೊಳೆ ನೀರಿನ ಕೆಸರಿನ ಪ್ರಮಾಣ ಅಳೆದು ಜನರಿಗೆ ತಿಳಿಸಬೇಕು. ಏರುಪೇರಾದರೆ ಯಾರು, ಯಾರಿಗೆ, ಎಷ್ಟು ಹೊತ್ತಿನಲ್ಲಿ ತಿಳಿಸ್ತಾರೆ ಅನ್ನೋದು ಮೊದಲೇ ಗೊತ್ತಿರಬೇಕು.

ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಪ್ರಶ್ನೆ ಸಭೆ ಮುಗಿದ ಕೂಡಲೇ ಮರೆತುಹೋಗುತ್ತೆ. ದಾಖಲಾದ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಮತ್ತೆ ಎತ್ತಬಹುದು.