ಕುರ್ಚಿಗಳ ಲೆಕ್ಕ ಸಾಕು, ಕೇಳಿದವರ ಲೆಕ್ಕ ಬೇಕು

ರಬೀಉಲ್ ಅವ್ವಲ್ ತಿಂಗಳು ಬಂತೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಗೋಡೆಗಳಲ್ಲಿ ಸೀರತ್ ಜಲ್ಸಾಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ರಮಝಾನಿಗೆ ಮುನ್ನ ಸ್ವಾಗತ ಸಭೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಬಳಿಕ ಪ್ರತಿಭಾ ಪುರಸ್ಕಾರ, ನಡುವೆ ವರದಕ್ಷಿಣೆ ವಿರೋಧಿ ಸಭೆ, ಶೈಕ್ಷಣಿಕ ಮಾರ್ಗದರ್ಶನ ಶಿಬಿರ. ಹೀಗೆ ವರ್ಷವಿಡೀ ಒಂದಲ್ಲ ಒಂದು ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ. ಶಾಮಿಯಾನ, ಧ್ವನಿವರ್ಧಕ, ದೂರದಿಂದ ಬರುವ ಭಾಷಣಕಾರರ ಪ್ರಯಾಣ ವೆಚ್ಚ, ಊಟೋಪಚಾರ ಇವೆಲ್ಲದರ ಹಣವೂ ಸಮುದಾಯದ ಜೇಬಿನಿಂದಲೇ ಬರುತ್ತದೆ. ಮರುದಿನ ಸಂಘಟಕರ ಬಾಯಲ್ಲಿ ಕೇಳಿ ಬರುವ ಮಾತು ಒಂದೇ: “ಮಾಶಾ ಅಲ್ಲಾಹ್, ಮೈದಾನ ತುಂಬಿತ್ತು!”

ಮೈದಾನ ತುಂಬಿದ್ದು ಸಂತೋಷದ ಸಂಗತಿಯೇ. ಆದರೆ ಅಲ್ಲಿ ಕೂತವರಲ್ಲಿ ಎಷ್ಟು ಮಂದಿ ಕೊನೆಯ ತನಕ ಕೇಳಿದರು? ಕೇಳಿದವರಲ್ಲಿ ಎಷ್ಟು ಮಂದಿಗೆ ಅರ್ಥವಾಯಿತು? ಅರ್ಥವಾದವರಲ್ಲಿ ಯಾರ ಮನೆಯಲ್ಲಿ ಏನು ಬದಲಾಯಿತು? ಈ ಮೂರು ಪ್ರಶ್ನೆಗಳಿಗೆ ಉತ್ತರ ನಮ್ಮ ಯಾವ ಸಂಘಟನೆಯ ಕಡತದಲ್ಲಿದೆ? ಖರ್ಚಿನ ಲೆಕ್ಕ ಇರುತ್ತದೆ, ಕುರ್ಚಿಗಳ ಲೆಕ್ಕ ಇರುತ್ತದೆ, ಸನ್ಮಾನದ ಶಾಲುಗಳ ಲೆಕ್ಕವೂ ಇರುತ್ತದೆ. ಯಾರಿಗಾಗಿ ಸಭೆ ನಡೆಸಲಾಯಿತೋ ಅವರ ಲೆಕ್ಕ ಮಾತ್ರ ಇರುವುದಿಲ್ಲ. ಜನರನ್ನು ಸೇರಿಸುವುದೇ ಗುರಿಯಾಗಿದ್ದರೆ ವಾರದ ಸಂತೆ ನಮಗಿಂತ ಎಷ್ಟೋ ಮುಂದಿದೆ.

ಯಾರ ಜೀವನ ಚರಿತ್ರೆಯನ್ನು ಹೇಳಲು ನಾವು ಸಭೆ ಸೇರಿಸುತ್ತೇವೆಯೋ ಆ ಪ್ರವಾದಿವರ್ಯರು(ಸ) ಜನರೊಂದಿಗೆ ಹೇಗೆ ಮಾತಾಡುತ್ತಿದ್ದರು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಎಣಿಸಬಯಸುವವನು ಅವರ ಪದಗಳನ್ನು ಎಣಿಸಿಬಿಡಬಹುದಾದಷ್ಟು ನಿಧಾನವಾಗಿ, ಸ್ಪಷ್ಟವಾಗಿ ಅವರು ಮಾತಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಕೇಳುಗರಿಗೆ ಅರ್ಥವಾಗಲೆಂದು ಅವರು ಮಾತನ್ನು ಮೂರು ಬಾರಿ ಪುನರುಚ್ಚರಿಸುತ್ತಿದ್ದರೆಂದು ಹಝ್ರತ್ ಅನಸ್(ರ) ಹೇಳಿದ್ದಾರೆ. ಖುತ್ಬಾ ಚಿಕ್ಕದಾಗಿರುವುದು ವ್ಯಕ್ತಿಯ ತಿಳಿವಳಿಕೆಯ ಲಕ್ಷಣವೆಂದು ಸ್ವತಃ ಪ್ರವಾದಿ(ಸ) ಕಲಿಸಿದರು. ಹಝ್ರತ್ ಇಬ್ನು ಮಸ್‌ಊದ್(ರ) ಪ್ರತಿ ಗುರುವಾರ ಉಪದೇಶ ನೀಡುತ್ತಿದ್ದರು. ದಿನಾಲೂ ನೀಡಬಾರದೇ ಎಂದು ಜನರು ಕೇಳಿದಾಗ, ಬೇಸರ ತರಿಸಬಾರದೆಂದು ಪ್ರವಾದಿ(ಸ) ಸಮಯ ನೋಡಿ ಉಪದೇಶಿಸುತ್ತಿದ್ದ ಕ್ರಮವನ್ನೇ ಅವರು ಉತ್ತರವಾಗಿ ನೀಡಿದರು. ಪುರುಷರ ಸಂದಣಿಯಿಂದಾಗಿ ತಮಗೆ ಅವಕಾಶ ಸಿಗುತ್ತಿಲ್ಲವೆಂದು ಮಹಿಳೆಯರು ಹೇಳಿದಾಗ ಪ್ರವಾದಿ(ಸ) ಅವರಿಗಾಗಿ ಪ್ರತ್ಯೇಕ ದಿನವನ್ನೇ ನಿಗದಿ ಮಾಡಿದರು. ಮಾತಿನ ವೇಗ, ಅವಧಿ, ಪುನರಾವರ್ತನೆ, ದಿನ, ಕೇಳುಗರ ದೂರು ಹೀಗೆ ಎಲ್ಲದರ ಮೇಲೂ ಅಲ್ಲಿ ಗಮನವಿತ್ತು. ಕೇಳುಗನು ಅಲ್ಲಿ ಬರಿಯ ತಲೆಯೆಣಿಕೆಯಾಗಿರಲಿಲ್ಲ.

ಇದನ್ನು ನಮ್ಮ ಜಲ್ಸಾಗಳ ಪಕ್ಕದಲ್ಲಿಟ್ಟು ನೋಡಿ. ಇಶಾ ನಮಾಝಿನ ಬಳಿಕ ಆರಂಭವೆಂದು ಪ್ರಕಟಿಸಿದ ಸಭೆ ಗಣ್ಯರ ದಾರಿ ಕಾಯುತ್ತದೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಮಾಲಾರ್ಪಣೆ, ಗಣ್ಯರ ನಾಲ್ಕು ನಾಲ್ಕು ಮಾತು. ಮುಖ್ಯ ಭಾಷಣಕಾರರು ಎದ್ದು ನಿಲ್ಲುವಾಗ ಮಕ್ಕಳು ತಾಯಂದಿರ ತೊಡೆಯಲ್ಲಿ ನಿದ್ದೆ ಹೋಗಿರುತ್ತಾರೆ. ಪರದೆಯ ಆಚೆ ಇರಿಸಿದ ಸ್ಪೀಕರ್ ಕೆಟ್ಟಿದ್ದರೂ ಅದನ್ನು ವೇದಿಕೆಗೆ ತಿಳಿಸುವ ದಾರಿಯೇ ಮಹಿಳೆಯರಿಗಿರುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ನೆರೆಯ ರೋಗಿಯ ನಿದ್ದೆ, ಪರೀಕ್ಷೆಗೆ ಓದುವ ಮಗುವಿನ ಏಕಾಗ್ರತೆಗಳನ್ನು ಕೆಡಿಸಿ ಸಾರುವ ಸೀರತ್, ಸೀರತ್‌ಗೆ ನಿಷ್ಠವೇ ಎಂದು ಕೇಳಿಕೊಳ್ಳಲು ಕಾನೂನಿನ ಭಯ ಬೇಕಾಗಿಲ್ಲ.

ಈ ಐದು ಊರುಗಳ ಬದುಕೂ ಒಂದೇ ತೆರನಾಗಿಲ್ಲ. ವಾಡಿ ಸಿಮೆಂಟ್ ಕಾರ್ಖಾನೆಯ ಮತ್ತು ರೈಲ್ವೆ ಜಂಕ್ಷನ್ನಿನ ಊರು; ಅಲ್ಲಿ ಮನುಷ್ಯನ ದಿನ ಪಾಳಿಯ ಪ್ರಕಾರ ಸಾಗುತ್ತದೆ. ಶಹಾಬಾದ್‌ನ ಹೆಸರು ದೇಶದಾದ್ಯಂತ ನೆಲಹಾಸಿನ ಕಲ್ಲಿನಿಂದಾಗಿ ಪರಿಚಿತ; ಹಗಲಿಡೀ ಕಲ್ಲಿನ ಧೂಳಿನಲ್ಲಿ ದುಡಿದವನಿಗೆ ರಾತ್ರಿ ಹನ್ನೊಂದರ ಭಾಷಣ ಜೋಗುಳವಾಗುತ್ತದೆ. ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಯೂ ಇದೆ, ತೊಗರಿಯ ಹೊಲವೂ ಇದೆ. ಚಿಂಚೋಳಿ ಪಟ್ಟಣಕ್ಕೆ ರೈಲು ಇಲ್ಲ. ಹಳ್ಳಿಗಳಿಂದ ಬಂದವರು ಕೊನೆಯ ಬಸ್ಸಿನ ಮೇಲೆ ಕಣ್ಣಿಟ್ಟೇ ಸಭೆಯಲ್ಲಿ ಕೂರಬೇಕು. ತೊಗರಿ ಕೊಯ್ಲಿನ ದಿನಗಳಲ್ಲಿ ಚಿತ್ತಾಪುರದ ರೈತ ಕುಟುಂಬದಿಂದ ಯಾರು ಬರಬಲ್ಲರು? ಹೀಗಿರುವಾಗ ಐದೂ ಊರುಗಳಿಗೆ ಒಂದೇ ಗಂಟೆ, ಒಂದೇ ಮಾದರಿ, ಅದೇ ಮೂರು ತಾಸಿನ ಪಟ್ಟಿಯನ್ನು ಅನ್ವಯಿಸುವುದು ಜನರನ್ನು ಅರಿಯದವರ ಕೆಲಸ.

ಇನ್ನೊಂದು ಗಂಭೀರ ಸಂಗತಿ ಭಾಷೆಯದು. 1948ರ ವರೆಗೆ ಈ ಪ್ರದೇಶ ನಿಝಾಮರ ಆಡಳಿತದಲ್ಲಿತ್ತು ಮತ್ತು ಉರ್ದು ಆಡಳಿತ ಭಾಷೆಯಾಗಿತ್ತು. ಇಂದೂ ಮನೆಮಾತು ದಖನಿ ಉರ್ದು. ಆದರೆ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ತಲೆಮಾರಿಗೆ ಪಾರಸಿ-ಅರಬಿ ಪದಗಳಿಂದ ತುಂಬಿದ ವೇದಿಕೆಯ ಉರ್ದು ಕಿವಿಗೆ ಇಂಪೇ ಹೊರತು ಮನಸ್ಸಿಗೆ ತಲುಪುವುದಿಲ್ಲ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನಾಂಗದ ಭಾಷೆಯಲ್ಲೇ, ಅವರಿಗೆ ವಿವರಿಸಿ ಕೊಡಲಿಕ್ಕಾಗಿ ಕಳುಹಿಸಲಾಯಿತು ಎಂದು ಪವಿತ್ರ ಕುರ್‌ಆನ್ (14:4) ಸಾರುತ್ತದೆ. ಜನರಿಗೆ ತಿಳಿಯುವುದಿಲ್ಲ, ಅವರಿಗೆ ಆಸಕ್ತಿಯಿಲ್ಲ ಎಂದು ದೂರುವವರು ಒಂದನ್ನು ಮರೆಯುತ್ತಾರೆ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಈ ನಾಡಿನ ಓದು ಬಾರದ ಜನರಲ್ಲೂ ಕಾವ್ಯದ ಅರಿವಿರುವುದನ್ನು ಮೆಚ್ಚಿಕೊಂಡಿದೆ. ಆದ್ದರಿಂದ ಕೊರತೆ ಕೇಳುವವರಲ್ಲಿ ಅಲ್ಲ, ಹೇಳುವವರ ಸಿದ್ಧತೆಯಲ್ಲಿದೆ.

ಇಲ್ಲೊಂದು ಆಕ್ಷೇಪ ಬರಬಹುದು. ಧರ್ಮೋಪದೇಶವನ್ನು ತಕ್ಕಡಿಯಲ್ಲಿಟ್ಟು ತೂಗಲು ಇದೇನು ವ್ಯಾಪಾರವೇ? ಸನ್ಮಾರ್ಗ ನೀಡುವವನು ಅಲ್ಲಾಹನು, ತಲುಪಿಸುವುದಷ್ಟೇ ನಮ್ಮ ಹೊಣೆಯಲ್ಲವೇ? ಮಾತು ಸರಿ. ಯಾರ ಹೃದಯವನ್ನೂ ಅಳೆಯುವ ಅಧಿಕಾರ ನಮಗಿಲ್ಲ. ಪ್ರವಾದಿ ನೂಹ್(ಅ) ಒಂಬೈನೂರೈವತ್ತು ವರ್ಷ ತಮ್ಮ ಜನರ ನಡುವೆ ಇದ್ದರೂ ವಿಶ್ವಾಸವಿರಿಸಿದವರು ಕೆಲವರೇ. ಆದರೆ ಅವರದೇ ಹೆಸರಿನ ಅಧ್ಯಾಯವನ್ನು ಓದಿ ನೋಡಿ. ಹಗಲಲ್ಲೂ ಇರುಳಲ್ಲೂ ಕರೆದೆ, ಬಹಿರಂಗವಾಗಿ ಕರೆದೆ, ಗುಟ್ಟಾಗಿಯೂ ಹೇಳಿದೆ, ಅವರು ಕಿವಿಗೆ ಬೆರಳಿಟ್ಟುಕೊಂಡರು ಎಂದು ಅವರು ತಮ್ಮ ಪ್ರಭುವಿನ ಮುಂದೆ ವರದಿ ಒಪ್ಪಿಸುತ್ತಾರೆ. ಯಾವ ವಿಧಾನ ಅನುಸರಿಸಿದೆ, ಜನರು ಹೇಗೆ ಸ್ಪಂದಿಸಿದರು, ಆಮೇಲೆ ವಿಧಾನವನ್ನು ಹೇಗೆ ಬದಲಿಸಿದೆ ಎಂಬ ಪೂರ್ಣ ವಿವರ ಅದರಲ್ಲಿದೆ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ ಎಂಬ ನಂಬಿಕೆ ಅವರನ್ನು ಲೆಕ್ಕಪತ್ರದಿಂದ ಮುಕ್ತಗೊಳಿಸಲಿಲ್ಲ. ನಮ್ಮನ್ನು ಮಾತ್ರ ಅದು ಹೇಗೆ ಮುಕ್ತಗೊಳಿಸೀತು? ಹೃದಯ ತೆರೆಯಿತೇ ಎಂಬುದನ್ನು ಅಳೆಯಲಾಗದು ನಿಜ. ಆದರೆ ಸ್ಪೀಕರ್ ಕೇಳಿಸಿತೇ ಎಂಬುದನ್ನು ಖಂಡಿತ ಅಳೆಯಬಹುದು.

ಹಾಗಾದರೆ ಏನನ್ನು ಅಳೆಯಬೇಕು? ದೊಡ್ಡ ಯಂತ್ರಗಳಾಗಲಿ ತಜ್ಞರಾಗಲಿ ಬೇಕಿಲ್ಲ. ಒಂದು ನೋಟ್‌ಬುಕ್, ಇಬ್ಬರು ಯುವಕರು, ಮಹಿಳಾ ವಿಭಾಗದಲ್ಲಿ ಇಬ್ಬರು ಯುವತಿಯರು ಸಾಕು. ಮೊದಲನೆಯದು, ಸಮಯ. ಪ್ರಕಟಿಸಿದ ಗಂಟೆಗೂ ಆರಂಭವಾದ ಗಂಟೆಗೂ ಎಷ್ಟು ಅಂತರವಿತ್ತು, ಎಷ್ಟಕ್ಕೆ ಮುಗಿಯಿತು ಎಂದು ಬರೆದಿಡಲಿ. ಎರಡನೆಯದು, ಉಳಿದವರು. ಆರಂಭದಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ ಮೂರು ಬಾರಿ ಎಣಿಸಲಿ. ಮುನ್ನೂರು ಮಂದಿ ಬಂದು ನೂರು ಮಂದಿ ಉಳಿದರೆ ಆ ಸಭೆ ನೂರು ಮಂದಿಯ ಸಭೆ. ಮೂರನೆಯದು, ಪ್ರಶ್ನೆಗಳು. ಒಂದು ಗಂಟೆಯ ಸಭೆಯಲ್ಲಿ ಇಪ್ಪತ್ತು ನಿಮಿಷವನ್ನು ಸಭಿಕರಿಗೆ ಬಿಡಲಿ. ಮಹಿಳೆಯರ ಪ್ರಶ್ನೆಗಳು ಚೀಟಿಯಲ್ಲಿ ಬರಲಿ. ಎಷ್ಟು ಪ್ರಶ್ನೆ ಬಂತು, ಎಷ್ಟಕ್ಕೆ ಉತ್ತರ ಸಿಕ್ಕಿತು ಎಂಬುದು ದಾಖಲಾಗಲಿ. ನಾಲ್ಕನೆಯದು, ನೆನಪು. ಮುಂದಿನ ಜುಮಾದ ಬಳಿಕ ಹತ್ತು ಮಂದಿಯನ್ನು ಮಾತಾಡಿಸಿ, ಕಳೆದ ಸಭೆಯಲ್ಲಿ ಏನು ಹೇಳಲಾಯಿತು ಎಂದು ಕೇಳಲಿ. ಹತ್ತರಲ್ಲಿ ಇಬ್ಬರಿಗಷ್ಟೇ ನೆನಪಿದ್ದರೆ ಬೇಸರ ಬೇಡ. ಮುಂದಿನ ಬಾರಿ ಅದು ನಾಲ್ಕಾಗಬೇಕು, ಇಷ್ಟೇ ಗುರಿ.

ಐದನೆಯದೇ ಎಲ್ಲಕ್ಕಿಂತ ಮುಖ್ಯ: ಕೃತಿ. ಪ್ರತಿ ಸಭೆಯೂ ಒಂದೇ ಒಂದು ಕೆಲಸವನ್ನು ಕೇಳಲಿ ಮತ್ತು ನಲವತ್ತು ದಿನಗಳ ನಂತರ ಅದನ್ನು ಎಣಿಸಲಿ. ಉದಾಹರಣೆಗೆ ಶಿಕ್ಷಣ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75ಕ್ಕೆ ತಲುಪಿದ್ದಾಗ ನಮ್ಮ ಜಿಲ್ಲೆ ಶೇ. 65ರ ಆಸುಪಾಸಿನಲ್ಲಿತ್ತು. ಶಿಕ್ಷಣದ ಮಹತ್ವದ ಬಗ್ಗೆ ಇನ್ನೊಂದು ಭಾಷಣ ಈ ಅಂತರವನ್ನು ತುಂಬಲಾರದು. ಈ ವರ್ಷ ನಮ್ಮ ಮೊಹಲ್ಲಾದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಮಕ್ಕಳೆಷ್ಟು, ಅವರಲ್ಲಿ ಪಿಯುಸಿಗೆ ಸೇರಿದವರೆಷ್ಟು, ಸೇರದವರ ಮನೆಗೆ ಯಾರು ಹೋದರು ಎಂಬ ಪಟ್ಟಿ ತುಂಬಬಲ್ಲದು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಈ ಭಾಗದ ವಿದ್ಯಾರ್ಥಿಗಳಿಗೆ ಮತ್ತು ಉದ್ಯೋಗಾರ್ಥಿಗಳಿಗೆ ಮೀಸಲಾತಿಯ ದಾರಿ ತೆರೆಯಿತು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಶೈಕ್ಷಣಿಕ ಸಭೆಯೊಂದರಲ್ಲಿ ಈ ವಿಧಿಯ ಬಗ್ಗೆ ಒಂದು ಗಂಟೆ ಭಾಷಣ ನಡೆಯಿತೆಂದರೆ ಅದು ಸಾಧನೆಯಲ್ಲ. ನಲವತ್ತು ದಿನಗಳೊಳಗೆ ಎಷ್ಟು ಮಕ್ಕಳ ಕೈಯಲ್ಲಿ ಆ ಪ್ರಮಾಣಪತ್ರವಿತ್ತು ಎಂಬುದು ಸಾಧನೆ.

ಲೆಕ್ಕ ಏನು ಮಾಡಬಲ್ಲದೆಂಬುದಕ್ಕೆ ಎರಡು ಉದಾಹರಣೆಗಳು ನಮ್ಮ ಕಣ್ಣ ಮುಂದೆಯೇ ಇವೆ. ಮುಸ್ಲಿಮರು ಹಿಂದುಳಿದಿದ್ದಾರೆ ಎಂದು ನಾವು ದಶಕಗಳಿಂದ ಹೇಳುತ್ತಾ ಬಂದೆವು. ಅದು ಗೋಳಾಗಿಯೇ ಉಳಿಯಿತು. 2006ರಲ್ಲಿ ಸಾಚಾರ್ ಸಮಿತಿ ಅದನ್ನು ಅಂಕಿಗಳಲ್ಲಿ ಬರೆಯಿತು. 2001ರಲ್ಲಿ ಮುಸ್ಲಿಮರ ಸಾಕ್ಷರತೆ ಶೇ. 59.1, ರಾಷ್ಟ್ರೀಯ ಸರಾಸರಿ ಶೇ. 65.1 ಎಂದಾಗ ಗೋಳು ವಾದವಾಯಿತು. ಇನ್ನೊಂದು ಪಲ್ಸ್ ಪೋಲಿಯೊ. ಉತ್ತರ ಪ್ರದೇಶದ ಕೆಲವು ಮುಸ್ಲಿಮ್ ಮೊಹಲ್ಲಾಗಳಲ್ಲಿ ಲಸಿಕೆಯ ಬಗ್ಗೆ ಶಂಕೆ ಬೇರೂರಿತ್ತು. ಬರಿಯ ಘೋಷಣೆ, ಮೆರವಣಿಗೆಗಳಿಂದ ಅದು ಹೋಗಲಿಲ್ಲ. ಮಸೀದಿಗಳಿಂದ ಉಲಮಾಗಳು ಮನವಿ ಮಾಡಿದರು. ಕಾರ್ಯಕರ್ತರು ಮನೆಮನೆಗೆ ಹೋಗಿ ಗೋಡೆಯ ಮೇಲೆ ಗುರುತು ಹಾಕಿದರು. ಲಸಿಕೆ ಮುಗಿದ ಮನೆಗೆ ಒಂದು ಗುರುತು, ಬಾಕಿ ಮನೆಗೆ ಇನ್ನೊಂದು. ಬಾಕಿ ಮನೆಗೆ ಮತ್ತೆ ಮತ್ತೆ ಹೋದರು. 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ವರದಿಯಾಗಲಿಲ್ಲ. 2014ರಲ್ಲಿ ಭಾರತ ಪೋಲಿಯೊಮುಕ್ತವೆಂಬ ದೃಢೀಕರಣ ಸಿಕ್ಕಿತು. ಬಂದವರನ್ನು ಎಣಿಸಿ ಸಂತೃಪ್ತರಾಗದೆ, ಬಾರದವರ ಮನೆಯನ್ನು ಹುಡುಕಿಕೊಂಡು ಹೋದದ್ದು ಆ ಗೆಲುವಿಗೆ ದೊಡ್ಡ ಕಾರಣ.

ನಮ್ಮ ವೇದಿಕೆಗಳಲ್ಲಿ ರಾಜಕಾರಣಿಗಳಿಗೆ ಮೀಸಲಾದ ಕುರ್ಚಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರು ಜನಜಂಗುಳಿಯನ್ನು ನೋಡುತ್ತಾರೆ ಮತ್ತು ಅದನ್ನು ಮತಗಳಾಗಿ ಎಣಿಸುತ್ತಾರೆ. ಯಾವ ಪಕ್ಷದವರಾದರೂ ಇದರಲ್ಲಿ ವ್ಯತ್ಯಾಸವಿಲ್ಲ. ಅವರು ನಮ್ಮನ್ನು ಎಣಿಸುವಾಗ ನಾವು ಅವರ ಮಾತುಗಳನ್ನೇಕೆ ಎಣಿಸಬಾರದು? ಕಳೆದ ವರ್ಷದ ಸಭೆಯಲ್ಲಿ ಹಾಸ್ಟೆಲ್, ಖಬರಸ್ತಾನದ ಆವರಣ ಗೋಡೆ, ಉರ್ದು ಶಾಲೆಗೆ ಶಿಕ್ಷಕರು ಎಂದು ಕೊಟ್ಟ ಭರವಸೆಗಳನ್ನು ಈ ವರ್ಷದ ಸಭೆಯ ಆರಂಭದಲ್ಲಿ ಓದಿ ಹೇಳಲಿ. ಈಡೇರಿದ್ದಕ್ಕೆ ಕೃತಜ್ಞತೆ ಸಲ್ಲಲಿ, ಈಡೇರದ್ದಕ್ಕೆ ಉತ್ತರ ಸಿಗಲಿ. ಶಾಲು ಹೊದಿಸುವ ಶಿಷ್ಟಾಚಾರದ ಜಾಗದಲ್ಲಿ ಇಂಥದೊಂದು ಶಿಷ್ಟಾಚಾರ ಬಂದರೆ ವೇದಿಕೆ ಹತ್ತುವವರು ಸಿದ್ಧತೆ ಮಾಡಿಕೊಂಡೇ ಬರುತ್ತಾರೆ.

ಎಚ್ಚರಿಕೆಯೂ ಬೇಕು. ಅಂಕಿಗಳು ಪ್ರದರ್ಶನದ ವಸ್ತುವಾದರೆ ಹಳೆಯ ರೋಗ ಹೊಸ ಬಟ್ಟೆ ತೊಟ್ಟಂತೆ. ಆ ಊರಿಗಿಂತ ನಮ್ಮ ಊರಿನ ಸಂಖ್ಯೆ ದೊಡ್ಡದು ಎಂಬ ಪೈಪೋಟಿ ಹುಟ್ಟಿದರೆ ಸುಳ್ಳು ಲೆಕ್ಕಗಳೂ ಹುಟ್ಟುತ್ತವೆ. ಆದ್ದರಿಂದ ಈ ನೋಟ್‌ಬುಕ್ ಭಿತ್ತಿಪತ್ರಕ್ಕಲ್ಲ, ಸಮಿತಿಯ ಆತ್ಮಾವಲೋಕನಕ್ಕೆ. ಪ್ರತಿ ಊರೂ ತನ್ನ ಕಳೆದ ಸಭೆಯೊಂದಿಗೆ ಮಾತ್ರ ಸ್ಪರ್ಧಿಸಲಿ. ಗುರಿಗಳು ಸಣ್ಣದಾಗಿರಲಿ, ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರಲ್ಲವೇ?

ಐದೂ ಊರುಗಳ ಮಸೀದಿ ಸಮಿತಿಗಳು, ಯುವಕ ಸಂಘಗಳು, ಮಹಿಳಾ ಘಟಕಗಳು ಮುಂದಿನ ಒಂದು ವರ್ಷಕ್ಕೆ ಇಷ್ಟನ್ನು ಒಪ್ಪಿಕೊಳ್ಳಲಿ: ಹೇಳಿದ ಸಮಯಕ್ಕೆ ಆರಂಭ, ಹತ್ತು ಗಂಟೆಗೆ ಮುನ್ನ ಮುಕ್ತಾಯ, ಜನರಿಗೆ ತಿಳಿಯುವ ಭಾಷೆ, ಸಭಿಕರ ಪ್ರಶ್ನೆಗೆ ಕಾಲಾವಕಾಶ, ಸಭೆಗೊಂದು ಕೆಲಸ, ನಲವತ್ತನೆಯ ದಿನ ಅದರ ಲೆಕ್ಕ. ಕೇಳಿಯೂ ಮಾಡದವನನ್ನು ನಾವು ದೂರುತ್ತೇವೆ. ಆದರೆ ಮಾಡದ್ದನ್ನು ಏಕೆ ಹೇಳುತ್ತೀರಿ ಎಂಬ ಕುರ್‌ಆನಿನ (61:2) ಪ್ರಶ್ನೆ ಮೊದಲು ಎದುರಾಗುವುದು ಹೇಳುವವನಿಗೆ. ನಾಳೆ ಅಲ್ಲಾಹನ ಮುಂದೆ ನಮ್ಮ ಸಭೆಗಳ ಲೆಕ್ಕವೂ ಬರಲಿದೆ. ಅಲ್ಲಿ ಕುರ್ಚಿಗಳನ್ನು ಎಣಿಸಲಾಗುವುದೆಂದು ಯಾರೂ ನಮಗೆ ಹೇಳಿಲ್ಲ.